ಮಗಳನ್ನು ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಬೇಕು ಅಂತಿದ್ದೇವೆ, ಏನೇನು ನೋಡಬೇಕು?

ಲಗ್ಗೆರೆ ಅಮ್ಮ
ಮೇ 14

ಎಲ್ಲರಿಗೂ ನಮಸ್ಕಾರ. ನಾವು ಲಗ್ಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತೇನೆ, ನಮ್ಮವರು ಲಗೇಜ್ ಆಟೋ ಓಡಿಸುತ್ತಾರೆ. ಮಗಳಿಗೆ ಏಪ್ರಿಲ್‌ನಲ್ಲಿ ಆರು ವರ್ಷ ತುಂಬಿತು. ಲಾಕ್‌ಡೌನ್ ಶುರುವಾಗಿ ಮೂರೇ ವಾರಕ್ಕೆ ಹುಟ್ಟಿದವಳು ಅವಳು. ಆಗ ಒಂದು ಗಾಡಿಯೂ ಸಿಗದೆ, ನಮ್ಮ ಆಟೋದ ಹಿಂದೆಯೇ ಚಾಪೆ ಹಾಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ಎಲ್‌ಕೆಜಿ, ಯುಕೆಜಿ ಮನೆ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಓದಿಸಿದೆವು. ಈಗ ಒಂದನೇ ಕ್ಲಾಸಿಗೆ ಫೀಸು 38 ಸಾವಿರ ಅಂತ ಹೇಳಿದ್ದಾರೆ. ಅದರ ಮೇಲೆ ಪುಸ್ತಕ, ಯೂನಿಫಾರ್ಮ್, ವ್ಯಾನ್ ಬೇರೆ. ಎರಡು ವರ್ಷದಿಂದ ಹೇಗೋ ಕಟ್ಟಿದೆವು, ಚಿನ್ನ ಇಟ್ಟೆವು, ಬಿಡಿಸಿಕೊಂಡೆವು, ಮತ್ತೆ ಇಟ್ಟೆವು. ಆಟೋ ಸಾಲ ಇನ್ನೂ ತೀರಿಲ್ಲ. ಇನ್ನು ಆಗಲ್ಲ ಅನ್ನಿಸಿದೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಸರ್ಕಾರಿ ಶಾಲೆ ಇದೆ. ಅಲ್ಲಿಗೇ ಸೇರಿಸೋಣ ಅಂತ ನನ್ನ ಆಸೆ. ನಾನೂ ಗುಬ್ಬಿ ಹತ್ತಿರ ಸರ್ಕಾರಿ ಶಾಲೆಯಲ್ಲೇ ಏಳನೇ ಕ್ಲಾಸಿನವರೆಗೆ ಓದಿದವಳು.

ಆದರೆ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ನಮ್ಮ ಅತ್ತೆ, ಇರೋದು ಒಂದು ಮಗು, ಅದನ್ನೂ ಸರ್ಕಾರಿ ಶಾಲೆಗೆ ಹಾಕಿದರೆ ಜನ ಏನಂತಾರೆ ಅಂತ ದಿನಾ ಹೇಳುತ್ತಾರೆ. ನಮ್ಮವರಿಗೆ ಇಂಗ್ಲಿಷಿನ ಚಿಂತೆ. ನನಗೆ ಬೇರೆಯದೇ ಚಿಂತೆ. ಟೀಚರ್ ಸರಿಯಾಗಿ ಇರುತ್ತಾರಾ, ಟಾಯ್ಲೆಟ್ ಹೇಗಿರುತ್ತದೆ, ಶಾಲೆ 10 ಗಂಟೆಗೆ ಅಂತಾರಲ್ಲ, ನಾನು 8 ಗಂಟೆಗೇ ಮನೆ ಬಿಡಬೇಕು.

ಇನ್ನೊಂದು ತೊಂದರೆ ಇದೆ. ಅವಳ ಬರ್ತ್ ಸರ್ಟಿಫಿಕೇಟ್‌ನಲ್ಲಿ ಹೆಸರೇ ಇಲ್ಲ. ಆಗ ಹೆಸರು ಇಟ್ಟಿರಲಿಲ್ಲ, ಆಮೇಲೆ ಓಡಾಡಲೂ ಆಗಲಿಲ್ಲ. ಆಧಾರ್‌ನಲ್ಲಿ ಹೆಸರಿದೆ. ಹಳೇ ಶಾಲೆಯವರು ಬಾಕಿ 6 ಸಾವಿರ ಕಟ್ಟಿದರೆ ಮಾತ್ರ ಟಿಸಿ ಅಂತಿದ್ದಾರೆ. ಬಾಕಿ ಇರುವುದು ನಿಜ, ಕಟ್ಟೇ ಕಟ್ಟುತ್ತೇವೆ, ಆದರೆ ಈ ತಿಂಗಳು ಆಗುವುದಿಲ್ಲ. ಇದೆಲ್ಲ ಇಲ್ಲದೆ ಸೇರಿಸಿಕೊಳ್ಳುತ್ತಾರಾ? ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಇದ್ದ ಹಾಗೆ ಹೇಳಿ.


ಚಾಕ್‌ಪೀಸ್ ಮೇಷ್ಟ್ರು
ಮೇ 14

ನಾನು ಬೆಂಗಳೂರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು, 17 ವರ್ಷ ಆಯಿತು. ಮೊದಲು ನಿಮ್ಮ ಭಯಕ್ಕೆ ಉತ್ತರ ಕೊಡುತ್ತೇನೆ. ಸೇರಿಸಿಕೊಳ್ಳುತ್ತಾರೆ. ಸೇರಿಸಿಕೊಳ್ಳಲೇಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಮಗುವನ್ನೂ ವಾಪಸ್ ಕಳಿಸುವ ಹಾಗಿಲ್ಲ ಅಂತ ಅದರ 14ನೇ ಸೆಕ್ಷನ್ ಹೇಳುತ್ತದೆ. ಟಿಸಿ ಬರುವುದು ತಡವಾಯಿತು ಅಂತ ದಾಖಲಾತಿ ನಿಲ್ಲಿಸುವ ಹಾಗೂ ಇಲ್ಲ, ಅದು 5ನೇ ಸೆಕ್ಷನ್. ಪರೀಕ್ಷೆ, ಇಂಟರ್‌ವ್ಯೂ, ಡೊನೇಷನ್ ಯಾವುದೂ ಇಲ್ಲ. ಯಾರಾದರೂ ಆಗಲ್ಲ ಅಂದರೆ ಜಗಳಕ್ಕೆ ಹೋಗಬೇಡಿ, ನಿಮ್ಮ ಬ್ಲಾಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಹಳೇ ಶಾಲೆಯವರು ಸ್ಯಾಟ್ಸ್ ಅನ್ನುವ, ಶಾಲಾ ಮಕ್ಕಳ ದಾಖಲೆ ಇಡುವ ಇಲಾಖೆಯ ತಂತ್ರಾಂಶದಲ್ಲಿ ಮಗುವಿನ ಹೆಸರು ಬಿಟ್ಟುಕೊಡದಿದ್ದರೂ ಅಲ್ಲೇ ಹೇಳಬೇಕು. ನಮ್ಮ ಶಾಲೆಗೆ ಹೀಗೆ ಬಂದ ಮಕ್ಕಳನ್ನು ಮೊದಲು ಕ್ಲಾಸಿನಲ್ಲಿ ಕೂರಿಸಿದ್ದೇವೆ, ಕಾಗದ ಆಮೇಲೆ ಬಂದಿದೆ.

ವಯಸ್ಸಿನ ಚಿಂತೆ ನಿಮಗಿಲ್ಲ. ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನುವುದು ನಿಯಮ, ನಿಮ್ಮ ಮಗಳಿಗೆ ತುಂಬಿದೆ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದಕ್ಕೆ ಬರುತ್ತೇನೆ. ಯಾರೂ ಇದನ್ನು ಸರಿಯಾಗಿ ಹೇಳುವುದಿಲ್ಲ. ಮಗುವನ್ನು ಸೇರಿಸುವ ದಿನ ಹೆಡ್ ಮೇಷ್ಟ್ರ ಟೇಬಲ್ ಮೇಲೆ ಒಂದು ಉದ್ದನೆಯ ದಾಖಲಾತಿ ರಿಜಿಸ್ಟರ್ ಇರುತ್ತದೆ. ಅದರಲ್ಲಿ ಒಂದು ಸಾಲು ನಿಮ್ಮ ಮಗಳದ್ದು. ಅವಳ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ತಾರೀಖು, ಜಾತಿ. ಆ ಒಂದು ಸಾಲು ಹತ್ತು ವರ್ಷ ಆದ ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ, ಅಲ್ಲಿಂದ ಎಲ್ಲ ಕಡೆಗೂ ಹೋಗುತ್ತದೆ. ಇನಿಷಿಯಲ್ ಮುಂದೆ ಬರುತ್ತದಾ ಹಿಂದೆ ಬರುತ್ತದಾ, ಇಂಗ್ಲಿಷಿನಲ್ಲಿ ಹೆಸರಿಗೆ ಎರಡು ಎ ಇದೆಯಾ ಒಂದೇ ಇದೆಯಾ, ಇದೆಲ್ಲ ಆ ದಿನ ಸಣ್ಣದು ಅನ್ನಿಸುತ್ತದೆ. ಆಮೇಲೆ ತಿದ್ದಿಸುವುದು ಬಹಳ ಕಷ್ಟ. ಶಾಲೆ ಬಿಟ್ಟ ಮೇಲೆ ಹುಟ್ಟಿದ ತಾರೀಖು ಬದಲಾಯಿಸಬೇಕು ಅಂದರೆ ಕೋರ್ಟಿಗೆ ಹೋಗಬೇಕಾಗುತ್ತದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಹಿಂದೆ ನಮ್ಮಲ್ಲೇ ಓದಿ ಹೋದ ಮಕ್ಕಳ ತಂದೆ ತಾಯಿ ಕೈಯಲ್ಲಿ ಒಂದು ಕಟ್ಟು ಕಾಗದ ಹಿಡಿದುಕೊಂಡು ಬರುತ್ತಾರೆ. ಆ ದಿನ ಅವಸರದಲ್ಲಿ ಯಾರೋ ಪಕ್ಕದ ಮನೆಯವರ ಜೊತೆ ಮಗುವನ್ನು ಕಳಿಸಿರುತ್ತಾರೆ, ಅವರು ಬಾಯಲ್ಲಿ ಹೇಳಿದ್ದನ್ನು ನಾವು ಬರೆದಿರುತ್ತೇವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಮೊದಲು ಬರ್ತ್ ಸರ್ಟಿಫಿಕೇಟ್‌ಗೆ ಹೆಸರು ಸೇರಿಸಿ. 15 ವರ್ಷದವರೆಗೂ ಸೇರಿಸಬಹುದು, ಮೊದಲ ವರ್ಷ ದಾಟಿರುವುದರಿಂದ ಸ್ವಲ್ಪ ಶುಲ್ಕ ಇರುತ್ತದೆ. ಯಾವ ಜನನ ಮರಣ ನೋಂದಣಾಧಿಕಾರಿ ಹತ್ತಿರ ನೋಂದಣಿ ಆಗಿದೆ ಅಂತ ಸರ್ಟಿಫಿಕೇಟ್ ಮೇಲೆಯೇ ಇರುತ್ತದೆ, ಅದೇ ಕಚೇರಿಗೆ ಹೋಗಿ. ಆಧಾರ್‌ನಲ್ಲಿ ಇರುವ ಹೆಸರನ್ನೇ, ಅದೇ ಸ್ಪೆಲ್ಲಿಂಗ್‌ನಲ್ಲಿ ಬರೆಸಿ. ಮಗುವಿಗೆ ಐದು ದಾಟಿದ್ದರಿಂದ ಆಧಾರ್‌ಗೆ ಬೆರಳಚ್ಚೂ ಕೊಡಿಸಬೇಕು. ಏಳು ವರ್ಷದೊಳಗೆ ಕೊಟ್ಟರೆ ದುಡ್ಡು ಕೇಳುವ ಹಾಗಿಲ್ಲ. ಜಾತಿ ಪ್ರಮಾಣಪತ್ರ ಇದ್ದರೆ ತಗೊಂಡು ಹೋಗಿ, ಇಲ್ಲದಿದ್ದರೆ ತಂದೆಯದ್ದು ತೋರಿಸಿ ಅದರಲ್ಲಿ ಇರುವ ಹಾಗೇ ಬರೆಸಿ. ಹೊಸದು ನಾಡಕಚೇರಿಯಲ್ಲಿ ಆಮೇಲೆ ಮಾಡಿಸಬಹುದು. ಫೋಟೋ, ನಿಮ್ಮಿಬ್ಬರ ಆಧಾರ್ ಜೆರಾಕ್ಸ್, ಇಷ್ಟೇ.

ಆ ದಿನ ಒಂದು ಗಂಟೆ ಪರ್ಮಿಷನ್ ಹಾಕಿಯಾದರೂ ನೀವೇ ಹೋಗಿ. ಬರೆದದ್ದನ್ನು ಓದಿ ನೋಡಿ ಸಹಿ ಹಾಕಿ.


ಕೆಂಗೇರಿ ಶಾಂಭವಿ
ಮೇ 14

ಅಕ್ಕ, ನನ್ನ ಮಗ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸ್ ಮುಗಿಸಿದ. ನಿಮ್ಮ ಹಾಗೇ ನಾನೂ ಎರಡು ವರ್ಷದ ಹಿಂದೆ ಊಟ ಸೇರದೆ ಕೂತಿದ್ದೆ. ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲ ಮೂರು ತಿಂಗಳು ನನಗೆ ತುಂಬಾ ಗಾಬರಿ ಆಗಿತ್ತು. ಪಕ್ಕದ ಮನೆ ಹುಡುಗ ಖಾಸಗಿ ಶಾಲೆಯಲ್ಲಿ ಅ ಆ ಇ ಈ ಪೂರ್ತಿ ಹೇಳುತ್ತಿದ್ದ, ನಮ್ಮವನಿಗೆ ಆ ಇ ಈ ಗೊತ್ತೇ ಇರಲಿಲ್ಲ. ಒಂದು ದಿನ ಕೆಲಸಕ್ಕೆ ರಜೆ ಹಾಕಿ ಟೀಚರ್ ಹತ್ತಿರ ಹೋಗಿ ಏನು ಮೇಡಂ ಇದು ಅಂತ ಕೇಳಿಯೇ ಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳದೆ ಒಳಗೆ ಕರೆದು ಕೂರಿಸಿದರು. ಆಗ ನಲಿಕಲಿ ಏನು ಅಂತ ನನಗೆ ಗೊತ್ತಾಯಿತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ರೂಮಿನಲ್ಲಿ ಗುಂಪು ಗುಂಪಾಗಿ ಕೂತಿರುತ್ತಾರೆ. ಪುಸ್ತಕಕ್ಕಿಂತ ಜಾಸ್ತಿ ಕಾರ್ಡು. ಒಂದು ಕಾರ್ಡು ಮುಗಿಸಿದರೆ ಮುಂದಿನದ್ದಕ್ಕೆ ಹೋಗುತ್ತಾರೆ, ಎರಡು ದಿನ ಜ್ವರ ಬಂದು ಮಲಗಿದರೂ ವಾಪಸ್ ಬಂದು ಬಿಟ್ಟಲ್ಲಿಂದಲೇ ಶುರು ಮಾಡಬಹುದು. ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆ ಎಟಕುವ ಹಾಗೆ ಕಪ್ಪು ಹಲಗೆ ಬಳಿದಿರುತ್ತಾರೆ. ಮಕ್ಕಳು ಮಾಡಿದ ಚಿತ್ರಗಳನ್ನು ಮೇಲೆ ದಾರ ಕಟ್ಟಿ ತೂಗು ಹಾಕುತ್ತಾರೆ, ಅದಕ್ಕೆ ಚಪ್ಪರ ಅನ್ನುತ್ತಾರೆ.

ಅಕ್ಷರ ಕೂಡ ಅ ಆ ಇ ಈ ಅಂತ ಶುರು ಆಗುವುದಿಲ್ಲ. ರ ಗ ಸ ದ ಅ, ಇದು ಮೊದಲು. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ರಸ, ಅರಸ, ಗರಗಸ ಅಂತ ಓದುವುದಕ್ಕೆ ಶುರು ಮಾಡುತ್ತದೆ. ನಮ್ಮವನು ದಸರಾ ಹೊತ್ತಿಗೆ ಬಸ್ಸಿನ ಮೇಲಿನ ಬೋರ್ಡು ಓದುತ್ತಿದ್ದ. ಕೆಂಗೇರಿ ಅಂತ ಪೂರ್ತಿ ಓದಲು ಬರುತ್ತಿರಲಿಲ್ಲ, ಗರ ಎಲ್ಲಿದ್ದರೂ ಹಿಡಿಯುತ್ತಿದ್ದ, ನಗರ ಅಂತ ಕೂಗುತ್ತಿದ್ದ. ಆ ದಿನ ನನಗೆ ಆದ ಖುಷಿ ಹೇಗೆ ಹೇಳಲಿ. ಈ ಪದ್ಧತಿ 1995ರಲ್ಲಿ ಎಚ್.ಡಿ.ಕೋಟೆ ತಾಲೂಕಿನ ಶಾಲೆಗಳಲ್ಲಿ ಶುರುವಾಗಿದ್ದಂತೆ, ನಮ್ಮ ಟೀಚರ್ ಹೇಳಿದರು, ಅಲ್ಲಿಯ ಟೀಚರ್‌ಗಳೇ ಮುಂದೆ ನಿಂತು ಮಾಡಿದ್ದು.

ಊಟದ ವಿಷಯ. ನಮ್ಮ ಶಾಲೆಗೆ ಅಕ್ಷಯ ಪಾತ್ರೆ ಗಾಡಿಯಲ್ಲಿ ಊಟ ಬರುತ್ತದೆ. ಅನ್ನ ಸಾಂಬಾರು, ಒಂದೊಂದು ದಿನ ಬಿಸಿಬೇಳೆಬಾತ್, ಪಲಾವು. ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ, ನನ್ನ ಮಗನಿಗೆ ಮೊದಲು ರುಚಿ ಹಿಡಿಸಲಿಲ್ಲ, ಈಗ ಎರಡು ಸಲ ಹಾಕಿಸಿಕೊಳ್ಳುತ್ತಾನೆ. ಬೆಳಿಗ್ಗೆ ಹಾಲು ಕೊಡುತ್ತಾರೆ, ಕೆಲವು ದಿನ ಅದರಲ್ಲೇ ರಾಗಿ ಮಾಲ್ಟ್. ಮೊಟ್ಟೆಯನ್ನು ಶಾಲೆಯಲ್ಲೇ ಬೇಯಿಸುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. ಮೊದಲು ವಾರಕ್ಕೆ ಎರಡು ದಿನ ಇತ್ತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಟ್ಟ ಮೇಲೆ ಆರು ದಿನ ಆಯಿತು. ಕೆಲಸಕ್ಕೆ ಹೋಗುವ ತಾಯಿಗೆ ಮಧ್ಯಾಹ್ನ ಮಗು ಬಿಸಿ ಊಟ ಮಾಡಿದೆ ಅನ್ನುವ ನೆಮ್ಮದಿ ಎಷ್ಟು ದೊಡ್ಡದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಟೈಮಿಂಗ್ ಮಾತ್ರ ನಿಜವಾದ ಕಷ್ಟ. 10ರಿಂದ 4:20, ಶನಿವಾರ ಬೆಳಿಗ್ಗೆ ಅರ್ಧ ದಿನ. ನಮ್ಮ ಬೀದಿಯಲ್ಲಿ ಮೂರು ಮನೆಯವರು ಸೇರಿ ಒಂದು ಅಜ್ಜಿಗೆ ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ. ಅವರೇ ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುತ್ತಾರೆ, ನಾವು ಬರುವವರೆಗೆ ಅವರ ಮನೆಯಲ್ಲೇ ಇರುತ್ತವೆ. ಅತ್ತೆ ಮನೆಯಲ್ಲೇ ಇದ್ದರೆ ನಿಮಗೆ ಇದು ಸಲೀಸು. ಆದರೆ ಅದಕ್ಕೆ ಮೊದಲು ಅವರು ಒಪ್ಪಬೇಕು, ಅಲ್ವಾ. ನಮ್ಮ ಅತ್ತೆಯನ್ನು ನಾನು ಆಗಸ್ಟ್ 15ಕ್ಕೆ ಶಾಲೆಗೆ ಕರೆದುಕೊಂಡು ಹೋಗಿದ್ದೆ. ಮೊಮ್ಮಗ ಮೈಕಿನಲ್ಲಿ ವಚನ ಹೇಳಿದ. ಆಮೇಲೆ ಅವರು ಮಾತೇ ಎತ್ತಲಿಲ್ಲ.

ಟಾಯ್ಲೆಟ್ ಬಗ್ಗೆ ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಮೊದಲ ವರ್ಷ ಚೆನ್ನಾಗಿರಲಿಲ್ಲ. ನೀರಿತ್ತು, ತೊಳೆಯುವವರು ಇರಲಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲೆಯ ಪೋಷಕರ ಸಮಿತಿಯ ಸಭೆಯಲ್ಲಿ ನಾಲ್ಕು ಜನ ಅಮ್ಮಂದಿರು ಪಟ್ಟು ಹಿಡಿದು ಕೂತ ಮೇಲೆ ವಾರಕ್ಕೆ ಮೂರು ದಿನ ಒಬ್ಬರು ಬರುವ ಹಾಗೆ ಆಯಿತು.


ಹಾಸನದ ಅಪ್ಪ
ಮೇ 15

ಮೇಲಿನವರು ಹೇಳಿದ್ದೆಲ್ಲ ಸರಿ ಇರಬಹುದು. ನನ್ನ ಅನುಭವ ಬೇರೆ, ಅದನ್ನೂ ಹೇಳಬೇಕು.

ನಾನು ಮಗನನ್ನು ಇಷ್ಟಪಟ್ಟೇ ಸರ್ಕಾರಿ ಶಾಲೆಗೆ ಸೇರಿಸಿದೆ. ದುಡ್ಡಿಗೆ ತೊಂದರೆ ಇರಲಿಲ್ಲ, ನಮ್ಮ ಶಾಲೆ ಉಳಿಯಬೇಕು ಅಂತ ಸೇರಿಸಿದ್ದು. ಯಾವ ಶಾಲೆ ಅಂತ ಹೇಳಲ್ಲ. ಐದು ಕ್ಲಾಸು ಸೇರಿ 40 ಚಿಲ್ಲರೆ ಮಕ್ಕಳು, ಇಬ್ಬರೇ ಟೀಚರ್. ಒಬ್ಬರು ಹೆರಿಗೆ ರಜೆಗೆ ಹೋದರು, ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಆಗಸ್ಟ್ ಮುಗಿದಿತ್ತು. ಉಳಿದ ಒಬ್ಬರು ಮುಖ್ಯ ಶಿಕ್ಷಕರೂ ಹೌದು, ಮೊಟ್ಟೆ ಲೆಕ್ಕ ಬರೆಯುವವರೂ ಹೌದು, ಮೀಟಿಂಗಿಗೆ ಹೋಗುವವರೂ ಹೌದು. ಮತದಾರರ ಪಟ್ಟಿ ಕೆಲಸ ಬಂದರೆ ಅದಕ್ಕೂ ಅವರೇ. ಕಳೆದ ವರ್ಷ ಜಾತಿ ಸಮೀಕ್ಷೆಗೆ ಟೀಚರ್‌ಗಳನ್ನು ಹಾಕಿದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಯಿತು. ಆ ಮೇಡಂ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ, ಅಷ್ಟು ಒಳ್ಳೆಯವರು ನಾನು ನೋಡಿಲ್ಲ. ಆದರೆ ಒಬ್ಬ ಮನುಷ್ಯ ಎಷ್ಟು ಮಾಡಲು ಸಾಧ್ಯ ಹೇಳಿ. ನನ್ನ ಮಗ ಆ ವರ್ಷ ಸುಮ್ನೆ ಕೂತು ಬಂದ ದಿನಗಳೇ ಜಾಸ್ತಿ. ಕೊನೆಗೆ ಬಿಡಿಸಿದೆ. ಈಗಲೂ ಆ ಗೇಟಿನ ಮುಂದೆ ಹೋಗುವಾಗ ಮನಸ್ಸಿಗೆ ಕಷ್ಟವಾಗುತ್ತದೆ.

ಅದಕ್ಕೆ ಸರ್ಕಾರಿ ಶಾಲೆ ಒಳ್ಳೆಯದು, ಖಾಸಗಿ ಕೆಟ್ಟದ್ದು, ಅಥವಾ ಅದರ ಉಲ್ಟಾ, ಈ ಮಾತೇ ಬೇಡ. ನಿಮ್ಮ ಮನೆ ಹತ್ತಿರದ ಆ ಒಂದು ಶಾಲೆ ಹೇಗಿದೆ, ಅಷ್ಟು ನೋಡಿ. ನಾನು ಅದನ್ನು ನೋಡಲಿಲ್ಲ. ಎಷ್ಟು ಜನ ಕಾಯಂ ಟೀಚರ್ ಇದ್ದಾರೆ, ಒಂದನೇ ಕ್ಲಾಸಿಗೆ ಯಾರು ಪಾಠ ಮಾಡುತ್ತಾರೆ, ಅವರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ವರ್ಗಾವಣೆ ಇದೆಯಾ. ಇಷ್ಟು ಕೇಳಿ.


ಚಾಕ್‌ಪೀಸ್ ಮೇಷ್ಟ್ರು
ಮೇ 15

ಹಾಸನದವರು ಹೇಳಿದ್ದು ಪೂರ್ತಿ ನಿಜ. ಕಾಯ್ದೆ ಪ್ರಕಾರ 30 ಮಕ್ಕಳಿಗೆ ಒಬ್ಬ ಶಿಕ್ಷಕ, 60 ಮಕ್ಕಳವರೆಗೆ ಇಬ್ಬರು. ಲೆಕ್ಕದಲ್ಲಿ 40 ಮಕ್ಕಳಿಗೆ ಇಬ್ಬರು ಅಂದರೆ ಸರಿಯಾಗೇ ಕಾಣುತ್ತದೆ, ಆದರೆ ಕ್ಲಾಸು ಐದು. ಅವರ ಮಗನಿಗೆ ಆಗಿದ್ದು ಅದೇ. ಮಕ್ಕಳು ಕಡಿಮೆ ಆದರೆ ಟೀಚರ್ ಕಡಿಮೆ ಆಗುತ್ತಾರೆ, ಟೀಚರ್ ಕಡಿಮೆ ಆದರೆ ಮಕ್ಕಳು ಬಿಡುತ್ತಾರೆ. 17 ವರ್ಷದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟ ವಿಷಯ ಇದು.

ಲಗ್ಗೆರೆ ಅಮ್ಮ, ನಿಮಗೆ ಒಂದು ಉಪಾಯ ಹೇಳುತ್ತೇನೆ. ಈಗ ರಜೆ, ಶಾಲೆಗೆ ಹೋದರೂ ಏನೂ ಕಾಣುವುದಿಲ್ಲ. ಶಾಲೆ ಶುರುವಾದ ಮೊದಲ ದಿನವೂ ಹೋಗಬೇಡಿ. ಆ ದಿನ ತೋರಣ, ಸಿಹಿ ಊಟ, ಎಲ್ಲ ಚೆನ್ನಾಗೇ ಇರುತ್ತದೆ. ಒಂದು ವಾರ ಬಿಟ್ಟು ಯಾವುದಾದರೂ ಮಾಮೂಲಿ ದಿನ 11 ಗಂಟೆಗೆ ಹೋಗಿ. ಸೀಟು ಹೋಗುತ್ತದೆ ಅನ್ನುವ ಭಯ ಒಂದನೇ ಕ್ಲಾಸಿನ ಕನ್ನಡ ಮಾಧ್ಯಮಕ್ಕೆ ಬೇಡ, ತಡವಾಗಿ ಬಂದ ಮಗುವನ್ನೂ ತಗೊಳ್ಳಬೇಕು ಅಂತಲೇ ಕಾನೂನು. ಕರ್ನಾಟಕ ಪಬ್ಲಿಕ್ ಶಾಲೆ ಆದರೆ ಅಥವಾ ಇಂಗ್ಲಿಷ್ ಮಾಧ್ಯಮದ ವಿಭಾಗ ಬೇಕಾದರೆ ಮಾತ್ರ ಈಗಲೇ ಹೋಗಿ ಹೆಸರು ಬರೆಸಿ, ಅಲ್ಲಿ ಒಂದು ವಿಭಾಗಕ್ಕೆ ಇಷ್ಟೇ ಮಕ್ಕಳು ಅಂತ ಇರುತ್ತದೆ.

ಇಂಗ್ಲಿಷಿನ ಬಗ್ಗೆ ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಸರ್ಕಾರಿ ಕನ್ನಡ ಶಾಲೆಯಲ್ಲೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದ್ದೇ ಇದೆ. 2019ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿದರು, ಆಮೇಲೆ ಇನ್ನಷ್ಟು ಶಾಲೆಗೆ ಕೊಟ್ಟರು. ಅಲ್ಲಿ ಗಣಿತ, ಪರಿಸರ ಅಧ್ಯಯನದ ಪುಸ್ತಕ ಎರಡು ಭಾಷೆಯಲ್ಲಿ ಇರುತ್ತದೆ, ಕನ್ನಡವೂ ಇರುತ್ತದೆ. ನಿಮ್ಮ ಹತ್ತಿರದ ಶಾಲೆಯಲ್ಲಿ ಇದೆಯಾ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ಕನ್ನಡ ಮಾತಾಡುವ ಮಗು ಮೊದಲು ಕನ್ನಡದಲ್ಲಿ ಓದಲು ಕಲಿಯಲಿ. ಓದುವುದು ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೆ ದಾಟುವುದು ಸುಲಭ. ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದ ಮಕ್ಕಳು ನಾಲ್ಕನೇ ಕ್ಲಾಸಿಗೆ ನಮ್ಮಲ್ಲಿಗೆ ಬರುತ್ತಾರೆ. ಪುಟ ಪುಟ ಹೇಳುತ್ತಾರೆ, ನಡುವೆ ಬೆರಳಿಟ್ಟು ಇದು ಯಾವ ಪದ ಅಂದರೆ ಸುಮ್ಮನಾಗುತ್ತಾರೆ. ಇನ್ನೊಂದು ಮಾತು, ಒಂದರಿಂದ ಹತ್ತರವರೆಗೆ ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ, ರಾಜ್ಯ ಸರ್ಕಾರದ ಕೆಲಸದಲ್ಲಿ ಶೇ. 5 ಮೀಸಲು ಇದೆ. ನಡುವೆ ಮಾಧ್ಯಮ ಬದಲಾಯಿಸಿದರೆ ಅದು ಸಿಗುವುದಿಲ್ಲ.


ಜುಲೈ ಮಗು
ಮೇ 15

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ ಜುಲೈ 9ಕ್ಕೆ ಆರು ತುಂಬುತ್ತದೆ. ಒಂದು ತಿಂಗಳಿಗೆ ಒಂದು ವರ್ಷ ಹೋಗುತ್ತದಾ ಸರ್? 2025ರಲ್ಲಿ ಸಡಿಲ ಮಾಡಿದ್ದರಲ್ಲ?


ಚಾಕ್‌ಪೀಸ್ ಮೇಷ್ಟ್ರು
ಮೇ 15

2025-26ಕ್ಕೆ ಐದು ವರ್ಷ ಐದು ತಿಂಗಳು ಅಂತ ಇಳಿಸಿದ್ದು ನಿಜ. ಆದರೆ ಅದು ಆ ಒಂದು ವರ್ಷಕ್ಕೆ ಮಾತ್ರ ಅಂತ ಹೇಳಿಯೇ ಕೊಟ್ಟಿದ್ದು. ನಿಮ್ಮ ಬಿಇಒ ಕಚೇರಿಯಲ್ಲಿ ಈ ವರ್ಷದ ಸುತ್ತೋಲೆ ತೋರಿಸಿ ಅಂತ ಕೇಳಿ, ಬಾಯಿಮಾತಿಗೆ ನಂಬಬೇಡಿ. ಸೇರಿಸಲು ಆಗದಿದ್ದರೂ ದಯವಿಟ್ಟು ಜನ್ಮ ದಿನಾಂಕ ಹಿಂದೆ ಹಾಕಿಸುವ ಕೆಲಸಕ್ಕೆ ಹೋಗಬೇಡಿ. ಅಂಗನವಾಡಿಯಲ್ಲೋ ಯುಕೆಜಿಯಲ್ಲೋ ಇನ್ನೊಂದು ವರ್ಷ ಆಡಲಿ. ಐದೂವರೆಯ ಮಗುವಿಗೂ ಆರೂವರೆಯ ಮಗುವಿಗೂ ಪೆನ್ಸಿಲ್ ಹಿಡಿಯುವುದರಲ್ಲೇ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ನಾನು ದಿನಾ ನೋಡುತ್ತೇನೆ.


ಯಾದಗಿರಿ ಹುಡುಗ
ಮೇ 16

ನಮ್ಮ ಅಣ್ಣ ಅತ್ತಿಗೆ ಹೆಣ್ಣೂರು ಕಡೆ ಬಿಲ್ಡಿಂಗ್ ಕೆಲಸಕ್ಕೆ ಬಂದಾರೆ. ಶೆಡ್ಡಲ್ಲಿ ಇರುತ್ತಾರೆ. ಮಗಳಿಗೆ ಎಂಟು ವರ್ಷ, ಒಂದು ದಿನವೂ ಶಾಲೆಗೆ ಹೋಗಿಲ್ಲ. ಬರ್ತ್ ಸರ್ಟಿಫಿಕೇಟ್ ಇಲ್ಲ, ಮನೆ ವಿಳಾಸ ಊರಿಂದು. ಅವಳನ್ನೂ ತಗೋತಾರಾ? ಚಿಕ್ಕ ಮಕ್ಕಳ ಜೊತೆ ಒಂದನೇ ಕ್ಲಾಸಿಗೆ ಕೂರಬೇಕಾ?


ಚಾಕ್‌ಪೀಸ್ ಮೇಷ್ಟ್ರು
ಮೇ 16

ಖಂಡಿತ ತಗೊಳ್ಳುತ್ತಾರೆ ತಮ್ಮ. ಒಂದನೇ ಕ್ಲಾಸಿಗಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿ, ಬೇರೆಯಾಗಿ ಕಲಿಸಿ ಸರಿದೂಗಿಸಬೇಕು ಅಂತ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ವಿಳಾಸ ಇಲ್ಲಿಯದೇ ಆಗಬೇಕು ಅಂತಿಲ್ಲ. ಹತ್ತಿರದ ಯಾವುದೇ ಸರ್ಕಾರಿ ಶಾಲೆಗೆ ಅವಳ ಕೈ ಹಿಡಿದುಕೊಂಡು ಹೋಗಿ. ಅಲ್ಲಿ ಏನೂ ಆಗದಿದ್ದರೆ ಆ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಿಆರ್‌ಪಿ (ಸಂಪನ್ಮೂಲ ವ್ಯಕ್ತಿ) ಯಾರು ಅಂತ ಕೇಳಿ, ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಹುಡುಕುವುದು ಅವರ ಕೆಲಸ. ಕಟ್ಟಡ ಮುಗಿದು ಬೇರೆ ಕಡೆ ಹೋಗುವಾಗ ಸ್ಯಾಟ್ಸ್ ನಂಬರ್ ಬರೆದಿಟ್ಟುಕೊಂಡು ಹೋಗಲು ಅಣ್ಣನಿಗೆ ಹೇಳಿ. ಅದಿದ್ದರೆ ಮುಂದಿನ ಶಾಲೆಯಲ್ಲಿ ಮತ್ತೆ ಮೊದಲಿನಿಂದ ಹೇಳಬೇಕಾಗಿಲ್ಲ. ಏನಾಯಿತು ಅಂತ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.


ಕೆಂಗೇರಿ ಶಾಂಭವಿ
ಮೇ 16

ಎಸ್‌ಡಿಎಂಸಿ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ಪ್ರತಿ ಸರ್ಕಾರಿ ಶಾಲೆಯಲ್ಲೂ ಇರುತ್ತದೆ, ನಮ್ಮ ರಾಜ್ಯದಲ್ಲಿ 2001ರಿಂದ ಇದೆ. ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿಯೇ ಇರಬೇಕು, ಅರ್ಧದಷ್ಟು ಹೆಂಗಸರು. ಬಹಳ ಕಡೆ ಹೆಸರಿಗೆ ಇರುತ್ತದೆ, ಸಭೆಗೆ ಯಾರೂ ಹೋಗುವುದಿಲ್ಲ, ಹೋದವರು ಸಹಿ ಹಾಕಿ ಬರುತ್ತಾರೆ. ಅಕ್ಕ, ನೀವು ಹೋಗಿ. ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಮುಂದೆ ಮಾತಾಡಿ ಅಭ್ಯಾಸ ಇರುವವರಿಗೆ ಇದು ಏನೂ ಕಷ್ಟವಲ್ಲ. ಖಾಸಗಿ ಶಾಲೆಯಲ್ಲಿ 38 ಸಾವಿರ ಕಟ್ಟಿದರೂ ಗೇಟಿನಿಂದ ಒಳಗೆ ಬಿಡುವುದಿಲ್ಲ. ಇಲ್ಲಿ ನೀವು ಕುರ್ಚಿ ಹಾಕಿಕೊಂಡು ಕೂತು ಅಕ್ಕಿ ಎಷ್ಟು ಬಂತು, ಟೀಚರ್ ಯಾಕೆ ಬಂದಿಲ್ಲ ಅಂತ ಕೇಳಬಹುದು.


ಲಗ್ಗೆರೆ ಅಮ್ಮ
ಜೂನ್ 9

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ದಿನ ಉತ್ತರ ಬರೆಯಲು ಆಗಲಿಲ್ಲ, ಫ್ಯಾಕ್ಟರಿಯಲ್ಲಿ ಆರ್ಡರ್ ಇತ್ತು, ಭಾನುವಾರವೂ ಓಟಿ.

ಮೇಷ್ಟ್ರು ಹೇಳಿದ ಹಾಗೆ ಮೊದಲು ಬರ್ತ್ ಸರ್ಟಿಫಿಕೇಟ್ ಕೆಲಸ ಮಾಡಿದೆವು. ಎರಡು ಸಲ ಹೋಗಬೇಕಾಯಿತು, ಆದರೆ ಆಯಿತು. ಅವಳ ಹೆಸರು ಪ್ರಿಂಟಾಗಿ ಬಂದ ಕಾಗದ ನೋಡಿ ನಮ್ಮವರು ಆಟೋದಲ್ಲೇ ಎರಡು ಸಲ ಓದಿದರು.

ಕಳೆದ ಗುರುವಾರ ಅರ್ಧ ದಿನ ರಜೆ ಹಾಕಿ 11 ಗಂಟೆಗೆ ಶಾಲೆಗೆ ಹೋದೆ. ಅತ್ತೆಯನ್ನೂ ಕರೆದುಕೊಂಡು ಹೋದೆ. ಐದು ಜನ ಟೀಚರ್, ನಾಲ್ಕು ಜನ ಕಾಯಂ, ಒಬ್ಬರು ಅತಿಥಿ. ನಲಿಕಲಿ ಮೇಡಂ ಅಲ್ಲಿ ಒಂಬತ್ತು ವರ್ಷದಿಂದ ಇದ್ದಾರೆ. ನಾವು ಕಿಟಕಿ ಹತ್ತಿರ ನಿಂತಿದ್ದೆವು, ಮೇಡಂ ನೆಲದ ಮೇಲೆ ಮಕ್ಕಳ ಜೊತೆ ಕೂತು ಕಾರ್ಡು ಹಿಡಿದುಕೊಂಡಿದ್ದರು. ನಮ್ಮನ್ನು ನೋಡಿ ಏಳಲಿಲ್ಲ, ಒಂದು ನಿಮಿಷ ಅಂತ ಕೈ ಮಾಡಿ ಆ ಮಗುವಿಗೆ ಹೇಳುತ್ತಿದ್ದದ್ದನ್ನು ಮುಗಿಸಿ ಆಮೇಲೆ ಬಂದರು. ನನಗೆ ಅಷ್ಟು ಸಾಕಾಯಿತು. ಟಾಯ್ಲೆಟ್ ಒಳಗೆ ಹೋಗಿ ನೋಡಿದೆ, ಹುಡುಗಿಯರದ್ದು ಒಂದು ಬಾಗಿಲ ಚಿಲಕ ಕಿತ್ತುಹೋಗಿದೆ. ಹೆಡ್ ಮೇಡಂಗೆ ಅಲ್ಲೇ ಹೇಳಿದೆ. ಬರೆದುಕೊಂಡರು. ಇಂಗ್ಲಿಷ್ ಮಾಧ್ಯಮ ಅಲ್ಲಿ ಇಲ್ಲ. ನಮ್ಮವರು ಸ್ವಲ್ಪ ಸಪ್ಪಗಾದರು, ಆದರೆ ಆ ಶೇ. 5ರ ಮಾತು ಹೇಳಿದ ಮೇಲೆ ಸರಿ ಅಂದರು.

ರಿಜಿಸ್ಟರ್‌ನಲ್ಲಿ ಬರೆಯುವಾಗ ಪಕ್ಕದಲ್ಲೇ ನಿಂತಿದ್ದೆ. ಇನಿಷಿಯಲ್ ಮುಂದೆ ಹಾಕುತ್ತಿದ್ದರು, ಆಧಾರ್‌ನಲ್ಲಿ ಹಿಂದೆ ಇದೆ ಮೇಡಂ ಅಂತ ತೋರಿಸಿದೆ, ಸರಿ ಮಾಡಿದರು. ಓದಿ ಸಹಿ ಹಾಕಿದೆ. ಟಿಸಿ ಬಂದಾಗ ಕೊಡಿ ಅಂದರು. ಬಾಕಿಯಲ್ಲಿ 2 ಸಾವಿರ ಕಟ್ಟಿದ್ದೇವೆ.

ಬೆಳಿಗ್ಗೆ ಬಿಡುವುದು, ಸಂಜೆ ಕರೆತರುವುದು ಅತ್ತೆಯೇ. ನಾನು ಕೇಳಲಿಲ್ಲ, ಸೋಮವಾರ ಅವರೇ ಚೀಲ ಹಿಡಿದುಕೊಂಡು ಹೊರಟರು. ಅವಳು ಬಂದು ಮೊಟ್ಟೆ ಸಿಪ್ಪೆ ತೆಗೆಯುವುದನ್ನು ನಾನೇ ಮಾಡಿದೆ ಅಂತ ನಾಲ್ಕು ಸಲ ಹೇಳಿದಳು.

ಯೂನಿಫಾರ್ಮ್ ಬಟ್ಟೆ ಇನ್ನೂ ಬಂದಿಲ್ಲ, ಬಂದ ಮೇಲೆ ಹೊಲಿಸಿಕೊಳ್ಳಬೇಕು ಅಂದರು. ಹೊಲಿಗೆ ನನಗೇ ಬರುತ್ತದೆ. ಆರು ವರ್ಷದ ಹುಡುಗಿಗೆ ಮುಂದಿನ ವರ್ಷಕ್ಕೂ ಆಗುವ ಹಾಗೆ ಸ್ಕರ್ಟಿಗೆ ಎಷ್ಟು ಇಂಚು ಮಡಚಿ ಬಿಟ್ಟರೆ ಸರಿ, ಶಾಂಭವಿಯವರೇ, ನಿಮಗೆ ಅಂದಾಜು ಇದೆಯಾ?